ಉಳಿದ ವಾಷರ್

ಅರಸೀಕೆರೆ ಗೂಡ್ಸ್ ಶೆಡ್ಡಿನ ಹಿಂದೆ ದಸ್ತಗೀರಣ್ಣನ ಗ್ಯಾರೇಜು.
ಬೋರ್ಡಿಲ್ಲ. ಬೇವಿನ ಮರಕ್ಕೆ ನೇತುಬಿಟ್ಟ
ತೂತುಬಿದ್ದ ಸೈಲೆನ್ಸರೇ ವಿಳಾಸ.

ಸುಗುಣಾ ಸಿಸ್ಟರ ಸ್ಕೂಟರು,
ಎಡಕ್ಕೆ ವಾಲಿಸಿ ಕಿಕ್ ಹೊಡೆದರೆ ಮಾತ್ರ ಏಳುವಂಥದು,
ಅವತ್ತು ಹಳೇ ಪೇಪರಿನ ಮೇಲೆ ಬಿಡಿಬಿಡಿಯಾಗಿ ಮಲಗಿತ್ತು.
ಮಂತ್ರಿಯ ಮುಖದ ಮೇಲೆ ಪಿಸ್ಟನ್ನು,
ಕೊಬ್ಬರಿ ಧಾರಣೆಯ ಮೇಲೆ ಎಣ್ಣೆ ಸೋರುವ ಕ್ಲಚ್ ಪ್ಲೇಟು,
ವಧೂವರರ ಅಂಕಣದಲ್ಲಿ ಕಾರ್ಬೊರೇಟರು.
ಅದರ ಜೆಟ್ಟಿಗೆ ಕೂದಲೆಳೆಯಷ್ಟು ತೂತು.
‘ಊದ್ಲಾ’ ಅಂದ. ಊದಿದೆ.
ರಾತ್ರಿ ಮುದ್ದೆಯಲ್ಲೂ ಪೆಟ್ರೋಲಿನ ರುಚಿ.

ನನಗೆ ಹದಿನೇಳು. ಎರಡು ಸಲ ಕೂತರೂ ಗಣಿತ ದಾಟಿರಲಿಲ್ಲ.
ದಸ್ತಗೀರಣ್ಣ ಹೇಳಿದ್ದು ಮಾತ್ರ ಬೆರಳಲ್ಲಿ ಉಳಿದಿದೆ:
ರಿಂಗಿಗೂ ಬಾಯಿದೆ, ಆ ಬಾಯಿ ಪಿನ್ನಿಗೇ ಕೂರಬೇಕು,
ತಪ್ಪಿತೋ, ಬೆಕ್ಕು ಬಾಗಿಲು ಪರಚಿದ ಹಾಗೆ
ಬೋರನ್ನು ಪರಚಿ ಹಾಕುತ್ತದೆ.
ಪ್ಲಗ್ಗಿನ ಮೂತಿ ಕಪ್ಪಗಿದ್ದರೆ ಅಜೀರ್ಣ,
ಬೆಳ್ಳಗಿದ್ದರೆ ಹಸಿವು,
ಬಿಸ್ಕತ್ತಿನ ಬಣ್ಣಕ್ಕಿದ್ದರೆ ಕೈ ಹಾಕಬೇಡ, ಮುಚ್ಚು.

ಎಂಟೂವರೆಗೆ ಎಲ್ಲ ಕೂರಿಸಿ,
ಹೆಡ್ಡಿನ ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಬಿಗಿದು,
ವಾಲಿಸಿ, ಒಂದು ಕಿಕ್. ಎರಡು.
ಮೂರನೆಯದಕ್ಕೆ ಕೆಮ್ಮಿ ಎದ್ದಿತು.
ನೀಲಿ ಹೊಗೆಯಲ್ಲಿ ಬೇವಿನ ಮರ ಮಾಯ.

ಪೇಪರು ಮಡಚುವಾಗ ಟಿಣ್ ಅಂತು.

ಒಂದು ಸ್ಪ್ರಿಂಗ್ ವಾಷರ್.
ಒಂದು ಕಡೆ ಸೀಳಿದ, ತುದಿ ಎತ್ತಿದ ಉಂಗುರ.
ದಸ್ತಗೀರಣ್ಣ ಎಂಜಿನ್ ಆರಿಸಿ, ಬಲ್ಬಿನ ಕೆಳಗೆ ತಿರುಗಿಸಿ ನೋಡಿದ.
‘ಇದು ಸ್ಕೂಟರ್‌ದಲ್ಲ ಕಣ್ಲಾ. ದಪ್ಪ ಐತೆ.
ನಿನ್ನೆ ಮೊಟ್ಟೆ ನಂಜೇಶನ ಬೈಕಿನ ಹಿಂದಿನ ಚಕ್ರ ಕಟ್ಟಿದ್ದು ಯಾರು?’

ನಾನೇ.
ಬ್ರೇಕ್ ಶೂ ಬದಲಿಸಿ, ಡ್ರಮ್ಮಿನ ಪ್ಲೇಟು ತಿರುಗದಂತೆ
ಹಿಡಿದಿಡುವ ಪಟ್ಟಿಗೆ ನಟ್ಟು ಹಾಕಿದ್ದೂ ನಾನೇ.
ಅದರಡಿ ಏನಿಟ್ಟೆ, ಏನಿಡಲಿಲ್ಲ, ನೆನಪಾಗಲಿಲ್ಲ.
ವಾಷರಿಲ್ಲದಿದ್ದರೆ ನಟ್ಟು ನಡುಗಿ ನಡುಗಿ ಬಿಚ್ಚಿಕೊಳ್ಳುತ್ತದೆ,
ಪಟ್ಟಿ ಕಳಚುತ್ತದೆ, ಬ್ರೇಕು ತುಳಿದಾಗ...
ಅವನು ಹೇಳಲಿಲ್ಲ. ಎರಡು ಅಂಗೈ ಸೇರಿಸಿ
ಪಟ್ಟಂತ ನಿಲ್ಲಿಸಿ ತೋರಿಸಿದ.

ನಂಜೇಶನಿಗೆ ಫೋನೆಲ್ಲಿ?
ಸಿಸ್ಟರ ಸ್ಕೂಟರಿನಲ್ಲೇ ಗಂಡಸಿ ದಾರಿ ಹಿಡಿದೆವು.
ಹೊಸ ರಿಂಗು. ಮೂವತ್ತು ದಾಟುವಂತಿಲ್ಲ.
ಅಷ್ಟು ಅವಸರದಲ್ಲಿ ಅಷ್ಟು ನಿಧಾನ ನಾನು ಯಾವತ್ತೂ ಹೋಗಿಲ್ಲ.
ಎದುರು ಒಂದು ಲಾರಿ ಬಂದಾಗಲೆಲ್ಲ
ರಸ್ತೆಯಲ್ಲಿ ಹಳದಿ ಲೋಳೆ ಇದೆಯೇನೋ ಎಂದು ಹುಡುಕುತ್ತಿದ್ದೆ.
ಜೇಬಿನಲ್ಲಿ ಹದಿನಾಲ್ಕರ ಸ್ಪ್ಯಾನರು ತೊಡೆಗೆ ಚುಚ್ಚುತ್ತಿತ್ತು.

ನಂಜೇಶ ಜಗಲಿಯಲ್ಲಿ, ಟ್ರೇಗಳ ಪಕ್ಕ ಗೊರಕೆ.
ಬಾಯಲ್ಲಿ ಟಾರ್ಚು ಕಚ್ಚಿ ನಟ್ಟು ಬಿಚ್ಚಿದೆ.

ಇತ್ತು.
ಸ್ಪ್ರಿಂಗ್ ವಾಷರ್, ಹೊಳೆಯುತ್ತ, ಇರಬೇಕಾದಲ್ಲೇ.

‘ಏನಣ್ಣ ಇಷ್ಟೊತ್ತಲ್ಲಿ?’
‘ಗಾಳಿ ನೋಡೋಣ ಅಂತ’ ಅಂದ ದಸ್ತಗೀರಣ್ಣ, ಟೈರು ಒತ್ತಿ.
ನಂಜೇಶ ನಾಲ್ಕು ಮೊಟ್ಟೆ ಕಟ್ಟಿಕೊಟ್ಟ.
ಹಾರನಹಳ್ಳಿ ಬರುವಷ್ಟರಲ್ಲಿ ಒಂದು ನನ್ನ ಜೇಬಿನಲ್ಲೇ ಒಡೆದು
ಸ್ಪ್ಯಾನರಿಗೆ ಮೆತ್ತಿಕೊಂಡಿತ್ತು.
ದಾರಿಯುದ್ದ ಅವನು ಮಾತಾಡಲಿಲ್ಲ.
ಗೇಟಿನ ಹತ್ತಿರ ಮಾತ್ರ: ‘ಹಂಗಾದ್ರೆ ಯಾರ್ದ್ಲಾ ಇದು?’

ಇಪ್ಪತ್ತೆರಡು ವರ್ಷ.
ಸೈಲೆನ್ಸರು ಈಗ ನನ್ನದು, ಬೇವು ಈಗ ನನ್ನದು.
ಕಾರ್ಬೊರೇಟರು ಊದುವ ಕೆಲಸವೇ ಕಮ್ಮಿಯಾಗಿದೆ.
ಆ ವಾಷರು ಕೀಗೊಂಚಲಲ್ಲಿದೆ.
ರಿಪೇರಿಯಾದ ಗಾಡಿಯನ್ನು ಕಳಿಸಿದ ಮೇಲೆ
ಹುಡುಗ ಟೀ ತಂದು ನಿಂತಿರುತ್ತಾನೆ,
ನಾನು ಕೈಯೆತ್ತಿ ಸುಮ್ಮನಿರು ಅನ್ನುತ್ತೇನೆ,
ಗೂಡ್ಸ್ ಶೆಡ್ಡಿನ ತಿರುವಿನಾಚೆ ಅದರ ಸದ್ದು
ಇನ್ನೂ ಸರಿಯಾಗಿ ಕೇಳುತ್ತಿದೆಯೇ ಎಂದು.