ಮಾರ್ಜಿನ್

ಯಾದಗಿರಿ ಸ್ಟೇಷನ್ ರೋಡಿನಾಗ ಇಪ್ಪತ್ತಾರು ವರ್ಷ
ಗಂಡಸರ ಸೊಂಟ, ಸೀಟು, ತೊಡಿ, ಮೋರಿ
ಟೇಪು ಹಿಡಿದು ಅಳೆದಾಂವ ನಾ, ಸಾಯಬಣ್ಣ ಸಿಂಪಿ.
ಕಿರಾಣಿ ಅಂಗಡಿ ಸಾವಕಾರನ ಎಡಗಾಲು ಅರ್ಧ ಇಂಚು ಗಿಡ್ಡ.
ನನಗ ಗೊತ್ತು, ಅಂವಗ ಗೊತ್ತಿಲ್ಲ.
ಯಾರಿಗೂ ಹೇಳಿಲ್ಲ.

ನಂದೂ ಹೇಳಿರಲಿಲ್ಲ.
ಮೊದಲಿಗೆ ಸಾಸಿವಿಯಷ್ಟು. ಆಮ್ಯಾಲ ತೊಗರಿ.
ಈ ಸೀಮ್ಯಾಗ ತೊಗರಿಗೇನು ಕಮ್ಮಿ ಅಂತ
ಬಚ್ಚಲದಾಗ ಒಬ್ಬನೇ ನಕ್ಕಿದ್ದೆ ಒಮ್ಮೆ.
ಮುಂದ ಕಡ್ಲಿ ಆತು, ಅಂಗಿ ಗುಂಡಿ ಆತು,
ಬಿಳೀ ಗುಂಡಿ, ತೊಗಲಿನ ಒಳಗಿಂದ ಹಚ್ಚಿದ್ದು.
ನೋವಿಲ್ಲ. ಜ್ವರ ಇಲ್ಲ.
ಬ್ಯಾಸಿಗ್ಯಾಗ ಒಂದೊಂದು ಒಡೆದು
ಚಡ್ಡಿ ಮ್ಯಾಲ ಸುಣ್ಣ.

ಎಣಿಸ್ತಿದ್ದೆ. ಹನ್ನೊಂದು. ದೀಪಾವಳಿಗೆ ಹದಿನಾರು.
ದೀಪ ಆರಿಸಿ ಮಲಗಿದೆ ಕೆಲವು ವರ್ಷ,
ಆಮ್ಯಾಲ ಹಾಸಿಗೀನೇ ಮಾಳಗಿಗೆ ಒಯ್ದೆ, ಶಕಿ ಅಂತ.
ಚಳಿಗಾಲದಾಗ ಎಂಥಾ ಶಕಿ ಅಂತ
ರಾಚಮ್ಮ ಕೇಳಲಿಲ್ಲ.

ದವಾಖಾನಿ ಬಾಗಿಲದಿಂದ ಎರಡು ಸಲ ತಿರುಗಿ ಬಂದೆ,
ಡಾಕ್ಟರು ಹೆಣ್ಣುಮಗಳು.
ಮೂರನೇ ಸಲ ಚೀಟಿ ಮಾಡಿಸಿಬಿಟ್ಟಿದ್ದೆ,
ರೊಕ್ಕ ಹೋಗ್ತಾವ ಅಂತ ಕೂತೆ.
ವೃಷಣಚೀಲ ಅಂದಳು ತಸ್ಲೀಮಾ ಡಾಕ್ಟರು, ಪುಸ್ತಕದ ಮಾತು.
ಚೀಲ ಅಂದದ್ದು ತಿಳೀತು ನನಗ, ಅದೂ ಹೊಲೀತೀನಲ್ಲ.
'ಕ್ಯಾನ್ಸರ್ ಅಲ್ಲ, ಒಬ್ಬರಿಂದ ಒಬ್ಬರಿಗೆ ಹತ್ತೂದಲ್ಲ.
ರಕ್ತದಾಗ ಸುಣ್ಣ ಬರೋಬ್ಬರಿ ಅದ.
ಅಲ್ಲೇ ಯಾಕ ಬಂದು ಕೂಡ್ತದ, ನಮಗೂ ಗೊತ್ತಿಲ್ಲ.'
ಗೊತ್ತಿಲ್ಲ ಅಂದ ಡಾಕ್ಟರನ್ನ
ಅವತ್ತೇ ನೋಡಿದ್ದು ನಾ. ಜೀವಕ್ಕ ತಂಪಾತು.

ಜೋಂ ಹಿಡಿಸೋ ಸೂಜಿ ಒಂದು. ಆಮ್ಯಾಲ ಕತ್ರಿ ಸಪ್ಪಳ,
ಕಣ್ಣು ಮುಚ್ಚಿದ್ರೂ ಗುರುತು ಹತ್ತಿತು.
ಸ್ಟೀಲ್ ತಾಟಿನಾಗ ಟಿಣ್. ಟಿಣ್.
ನನ್ನ ಲೆಕ್ಕ ಹತ್ತೊಂಬತ್ತು, ಆಕಿ ಲೆಕ್ಕ ಇಪ್ಪತ್ತಮೂರು.

ಪಟ್ಟಿ ಬಿಚ್ಚಿದ ದಿನ ಕನ್ನಡಿ ಬೇಡಿ ನೋಡಿದೆ.
ಟಾಕಿ ಸಮ, ಎಲ್ಲೂ ದಾರ ಎಳೆದಿಲ್ಲ.
ಇಂಥಾ ಸುಕ್ಕು ಬಟ್ಟಿ ಮ್ಯಾಲ
ನನಗೂ ಬರೂದಿಲ್ಲ ಬಾಯಿ ಈ ಹೊಲಿಗಿ, ಅಂದೆ.
ನಕ್ಕಳು. ಕಸಬು ಏನ್ರಿ ಅಂದಳು.

ಮನಿಗೆ ಬಂದು, ಮಾರಿ ಆಚೆ ಮಾಡಿ,
ರಾಚಮ್ಮಗ ಎಲ್ಲ ಹೇಳಿದೆ.
ಎಲಿಗೆ ಸುಣ್ಣ ಹಚ್ಚುತ್ತಿದ್ದಳು, ಬೆರಳು ನಿಂತಿತು.
'ಯಾವಾಕಿನೋ ಇದ್ದಾಳ ಅಂತ ತಿಳಿದಿದ್ದೆ' ಅಂದಳು.
ಬೆರಳಿಗೆ ಉಳಿದದ್ದು ಗ್ವಾಡಿಗೆ ಒರಸಿದಳು.
ಎಲಿ ನನಗ ಕೊಟ್ಟಳು.

ಇವತ್ತು ಅಂಗಡಿಯಾಗ
ನನ್ನ ಅಳತಿ ನಾನೇ ತಗೊಂಡೆ, ಬಾಗಿಲು ಹಾಕಿ.
ಹಳೇ ಪ್ಯಾಂಟಿನ ದೊಗಳೆ ಬಿಚ್ಚಿ ಹೊಸ ಗುರುತು ಹಾಕೀನಿ.
ತಿರುಗಿ ಬಂದ್ರೂ ಬರಬಹುದು ಅಂದಾಳ ಡಾಕ್ಟರು.
ಒಳಗ ಒಂದು ಇಂಚು
ಬಟ್ಟಿ ಬಿಟ್ಟೇ ಹೊಲೀತೀನಿ.