ಹೊಗೆ ಕಾಣದ ಬೆಳಗು

ಗಂಡಸರ ಬೂಟಿನ ಹಳೇ ಪೆಟ್ಟಿಗೆಯೊಂದನ್ನು
ಎದೆಗವಚಿಕೊಂಡು ಬಂದಳು ಲೂಡಿವೀನ್ ಪೆಲ್ಕಿ.
ಮಾರ್ಚಿಯ ಶನಿವಾರ. ಗ್ರಂಥಾಲಯದ ನೆಲಮಾಳಿಗೆ.
ಮೇಯ್ನ್ ರಾಜ್ಯದ ತುತ್ತತುದಿ, ನದಿ ದಾಟಿದರೆ ಕೆನಡಾ.
ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದ ನಾನು
ಈಗ ಕೂಲಿಯಿಲ್ಲದೆ ಊರವರ ತೆರಿಗೆ ತುಂಬಿಕೊಡುತ್ತೇನೆ.

"ಹೊಸ ಅಗ್ಗಿಷ್ಟಿಕೆ ಹಾಕಿಸಿದೆ," ಅಂದಳು.
"ಸುಟ್ಟ ಸೌದೆಯ ಶಾಖ ನೂರಕ್ಕೆ ಎಪ್ಪತ್ತೇಳು ಪಾಲು
ಮನೆಯೊಳಗೇ ಉಳಿಯುತ್ತದಂತೆ. ಕೊಟ್ಟ ದುಡ್ಡಲ್ಲಿ ಮೂವತ್ತು ಪಾಲು
ಸರ್ಕಾರ ಬಿಟ್ಟುಕೊಡುತ್ತದಂತೆ. ಅಂಗಡಿಯ ಹುಡುಗ ಹೇಳಿದ."

ಪೆಟ್ಟಿಗೆಯಿಂದ ಒಂದೊಂದೇ ಹೊರಬಂತು:
ಕಂಪನಿಯ ಪ್ರಮಾಣಪತ್ರ, ಕೊಳವೆ ಕೂರಿಸಿದವನ ಬಿಲ್ಲು,
ಬಿತ್ತನೆ ಆಲೂಗಡ್ಡೆಯ ಚೀಟಿ (ಇದು ಬೇಡ ಅಂದೆ),
ತೀರಿಕೊಂಡ ಗಂಡನ ಮೀನು ಹಿಡಿಯುವ ಪರವಾನಗಿ
(ಇದೂ ಬೇಡ ಅನ್ನಲಿಲ್ಲ, ಸುಮ್ಮನೆ ಪಕ್ಕಕ್ಕಿಟ್ಟೆ).

ಒಲೆಗೆ ನಾಲ್ಕು ಸಾವಿರದ ಮುನ್ನೂರೈವತ್ತು,
ಕೊಳವೆಗೂ ಕೆಲಸಕ್ಕೂ ಸಾವಿರದ ನೂರು.
ಮೂವತ್ತರಿಂದ ಗುಣಿಸಿ, ನೂರರಿಂದ ಭಾಗಿಸಿ,
ಸಾವಿರದ ಆರುನೂರ ಮೂವತ್ತೈದು ಡಾಲರು.
ಪೆನ್ಸಿಲ್ಲಿನಲ್ಲಿ ಬರೆದು ಗೆರೆ ಎಳೆದೆ.
ಆಕೆ ಕನ್ನಡಕ ಏರಿಸಿ ನೋಡಿದಳು.

ಆಮೇಲೆ ಕೆಳಗಿನ ಸಾಲಿಗೆ ಇಳಿದೆ.
ಪಿಂಚಣಿ ಇಷ್ಟು, ಬಡ್ಡಿ ಇಷ್ಟು, ಕಟ್ಟಬೇಕಾದ ತೆರಿಗೆ
ಸೊನ್ನೆ.

ಎರಡು ಸಲ ಕೂಡಿದೆ.
ಹಿಮದಲ್ಲಿ ಬಸ್ಸು ಹೂತಾಗಲೂ ಇಷ್ಟು ಬೆವೆತಿರಲಿಲ್ಲ.
"ಇದು ಕೈಗೆ ಕೊಡುವ ದುಡ್ಡಲ್ಲ,
ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವುದು.
ನಿಮಗೆ ಕಟ್ಟುವುದೇ ಇಲ್ಲ. ಸೊನ್ನೆಯಲ್ಲಿ ಏನನ್ನು ಕಳೆಯಲಿ?"

"ಅಂದರೆ ಇನ್ನಷ್ಟು ದುಡ್ಡಿದ್ದಿದ್ದರೆ ಸಿಗುತ್ತಿತ್ತು?"
"ಹೌದು."
"ಬರುವ ವರ್ಷಕ್ಕೆ ಎತ್ತಿಡುತ್ತಾರಾ?"
"ಇಲ್ಲ."

ಬಿಲ್ಲಿನ ಮಡಿಕೆಯನ್ನು ಉಗುರಿನಿಂದ ತೀಡುತ್ತ ಕೂತಳು.
ಗೋಡೆಯ ಹೀಟರು ಒಮ್ಮೆ ಗೊರ್ರೆಂದು ಸುಮ್ಮನಾಯಿತು.

ಆಮೇಲೆ ಹೇಳಿದಳು, ನನಗಲ್ಲ, ಪೆಟ್ಟಿಗೆಗೆ ಹೇಳುವ ಹಾಗೆ:
"ರಸ್ತೆಯಾಚೆಯ ಹಾರ್ಲನ್ ಬಬೀನ್ ಗೊತ್ತಲ್ಲ,
ಬೇಲಿಯ ಮೇಪಲ್ ಮರ ಯಾರದೆಂದು ಜಗಳವಾಗಿ
ಹನ್ನೊಂದು ವರ್ಷ ಮಾತಿಲ್ಲ. ಆದರೂ ದಿನಾ ಬೆಳಗ್ಗೆ
ಅವನ ಹೊಗೆ ನಾನು ನೋಡುತ್ತಿದ್ದೆ, ನನ್ನದು ಅವನು.
ಹೊಗೆ ಎದ್ದರೆ ಆಯಿತು, ಆಳು ಎದ್ದ ಹಾಗೆ."

ಬೆಂಕಿಯಿಲ್ಲದೆ ಹೊಗೆಯಾಡದು ಅನ್ನುತ್ತಾರೆ.
ಈ ಹೊಸ ಒಲೆ ಮಾತ್ರ ತನ್ನ ಹೊಗೆಯನ್ನು ತಾನೇ ತಿಂದು
ಆಕಾಶಕ್ಕೆ ಒಂದೆಳೆಯನ್ನೂ ಬಿಡುವುದಿಲ್ಲ.

ಒಲೆ ಹೂಡಿದ ಮಾರನೆಯ ಬೆಳಗ್ಗೆ ಏಳಕ್ಕೆ,
ತೊಡೆಮಟ್ಟದ ಹಿಮ ತುಳಿದು, ಟೋಪಿ ಮರೆತು,
ಕೈಯಲ್ಲಿ ಸಲಿಕೆ ಹಿಡಿದು ಬಂದು ಬಾಗಿಲು ಬಡಿದನಂತೆ.
"ಸತ್ತಿಲ್ಲವಾ?" ಹನ್ನೊಂದು ವರ್ಷಕ್ಕೆ ಮೊದಲ ಮಾತು.
"ಇಲ್ಲ. ಒಲೆ ಬದಲಾಯಿಸಿದೆ."
ಒಳಗೆ ಬಂದ. ಗಾಜಿನ ಹಿಂದಿನ ಬೆಂಕಿಯನ್ನು
ಕಳ್ಳನನ್ನು ನೋಡುವ ಹಾಗೆ ನೋಡಿದ.
ಈ ಯಂತ್ರವನ್ನು ನಂಬಲಾರೆ, ನಾಳೆಯೂ ನೋಡಿಹೋಗುತ್ತೇನೆ ಅಂದ.
ಅಂದಿನಿಂದ ದಿನವೂ ಬರುತ್ತಾನೆ.
ಮರದ ಮಾತು ಅವನೂ ಎತ್ತಿಲ್ಲ, ಇವಳೂ.

ನಾನು ಸೊನ್ನೆಯನ್ನು ಶಾಯಿಯಲ್ಲಿ ತಿದ್ದಿದೆ.
ಆಕೆ ಸಹಿ ಹಾಕಿ, ಪರವಾನಗಿಯನ್ನು ಎಲ್ಲಕ್ಕಿಂತ ಮೇಲಿಟ್ಟು
ಪೆಟ್ಟಿಗೆ ಮುಚ್ಚಿ, ಮೆಟ್ಟಿಲವರೆಗೆ ಹೋಗಿ ತಿರುಗಿದಳು.

"ಕಾಫಿ ಪುಡಿ ಎರಡರಷ್ಟು ಖರ್ಚಾಗುತ್ತಿದೆ.
ಅದಕ್ಕೇನಾದರೂ ಬಿಡುತ್ತಾರಾ, ನೋಡು."

ಫಾರಮನ್ನು ತಿರುವಿ ಹಿಂಬದಿಯನ್ನೂ ನೋಡಿದೆ,
ನಿಜವಾಗಿಯೂ ನೋಡಿದೆ.