ತೊಳೆದು ಬಂದ ಕಾಲು

ಹನ್ನೆರಡು ಮಂದಿಯ ಪಟ್ಟಿಯಲ್ಲಿ ಈ ಸಲ ನನ್ನ ಹೆಸರು.
ಪವಿತ್ರ ಗುರುವಾರ, ಸಂಜೆ ಆರಕ್ಕೆ, ಕೌಲ್ ಬಜಾರಿನ ಚರ್ಚು.
ನಾಲ್ಕಕ್ಕೇ ಬಚ್ಚಲಿಗೆ ಹೋದೆ:
ಸೋಪು, ಉಜ್ಜುವ ಕಲ್ಲು, ನಿಂಬೆಹೋಳು, ಸೀಮೆಎಣ್ಣೆ,
ಕಡೆಗೆ ಶೆಡ್ಡಿನಿಂದ ಸೀಸೆಯಲ್ಲಿ ತಂದ ಬ್ಲೀಚು.
ಹಿಮ್ಮಡಿ ಸುಟ್ಟಿತು. ನೀಲಿ ಹೋಗಲಿಲ್ಲ.

ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳು:
'ತೊಳಿಸಿಕೊಳ್ಳಾಕ ಹೊಂಟಾತ
ತೊಳಕೊಂಡು ಹೊಂಟಾನ ನೋಡ್ರಿ.'

ಹನ್ನೊಂದು ವರ್ಷದಿಂದ ಮುಂಡರಗಿ ಕಡೆಯ ಶೆಡ್ಡಿನಲ್ಲಿ
ಹೊಸ ಪ್ಯಾಂಟನ್ನು ಹಳತು ಮಾಡುವುದು ನನ್ನ ಕಸುಬು.
ಎಂದೂ ಊರದ ಮಂಡಿಗೆ
ಊರಿ ಸವೆದ ಗುರುತು ಹಾಕಿಕೊಡುತ್ತೇವೆ.
ಅದಕ್ಕೆ ದುಡ್ಡು ಜಾಸ್ತಿ.

ಹೆಸರು ರಾಯಪ್ಪ.
ಸ್ವಾಮಿಯ ಬಲಗೈ ಬಂಟ, ಬೀಗದಕೈ ಹಿಡಿದಾತ,
ಆತನ ಹೆಸರು ನಿನಗಿಟ್ಟೀವಿ ಅನ್ನುತ್ತಿದ್ದಳು ಅಜ್ಜಿ.
ಶೆಡ್ಡಿನವರಿಗೆ ನಾನು ಬೇರೆ ರಾಯ:
ಎರಡೂ ಕೈಯಲ್ಲಿ ಬಕೆಟ್ಟು ಹಿಡಿದು ಬಂದರೆ
'ರಾಯರ ಸವಾರಿ ಬಂತು, ದಾರಿ ಬಿಡ್ರಪ್ಪೋ!'
ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ.

ಮೊನ್ನೆ ಗರಿಗಳ ಭಾನುವಾರ
ಅಗಸರ ಹುಲುಗಪ್ಪನ ಕತ್ತೆ ಕೇಳಿ ತಂದಿದ್ದೆವು.
ಬಿಳಿ ಅಂಗಿಯ ಹುಡುಗನನ್ನು ಅರಸನೆಂದು ಕೂರಿಸಿದ್ದೇ ತಡ,
ಅದು ಮೆರವಣಿಗೆ ಬಿಟ್ಟು
ತನ್ನ ದಿನದ ದಾರಿ ಹಿಡಿಯಿತು, ಬಟ್ಟೆ ಒಗೆಯುವ ಕಟ್ಟೆಗೆ.
ಹಾಡುತ್ತಿದ್ದವರೆಲ್ಲ ಗರಿ ಹಿಡಿದು ಹಿಂದೆ ಓಡಿದೆವು.

ಇನ್ನು ಕಿರೀಟ.
ಶುಕ್ರವಾರಕ್ಕೆಂದು ಪಕ್ಕದ ಕೋಣೆಯಲ್ಲಿ
ಸವರಪ್ಪ ಮುಳ್ಳು ಹೆಣೆಯುತ್ತಿದ್ದ, ಬೆರಳು ಚೀಪುತ್ತ.
ಯಾವ ಮುಳ್ಳು ಅಂತ ಕೇಳಬೇಕೆ?
ಊರು ತನ್ನ ಹೆಸರು ಕೊಟ್ಟಿರುವುದೇ ಅದಕ್ಕೆ, ಬಳ್ಳಾರಿ ಜಾಲಿ.
ಗುಡ್ಡದ ಮೇಲೆ ಕೋಟೆ ಕಟ್ಟಿದವರನ್ನು ನೆನೆಯುವವರಿಲ್ಲ.
ಅಂಗಾಲಿಗೆ ಜಾಲಿ ಹೊಕ್ಕ ದಿನ
ಯಾವ ಸೀಮೆಯವನೇ ಇರಲಿ, ನಮ್ಮೂರ ಹೆಸರೆತ್ತಿ ಬೈಯುತ್ತಾನೆ.

ಹನ್ನೆರಡನೆಯ ಕುರ್ಚಿ ನನ್ನದು.
ಫಾದರ್ ಇನ್ನಾಸಪ್ಪ ಹನ್ನೊಂದು ಸಲ ಬಗ್ಗಿ, ಹನ್ನೊಂದು ಸಲ ಎದ್ದು,
ನನ್ನ ಮುಂದೆ ಕೂರುವಾಗ ಮಂಡಿ ಲಟಕ್ಕೆಂದಿತು.
ನಿಲುವಂಗಿ ಅಲ್ಲೇ, ಮಂಡಿಯ ಮೇಲೆ, ನವೆದಿತ್ತು.
ನನ್ನದು ಕಸುಬಿನ ಕಣ್ಣು:
ಅದು ಕಲ್ಲಿಂದ ಉಜ್ಜಿದ್ದಲ್ಲ.

ಕಾಲು ಹಿಂದಕ್ಕೆಳೆದೆ.
'ಬ್ಯಾಡ ಫಾದರ್. ಹೋಗಂಗಿಲ್ಲ ಇದು.'
ಅವರು ತಲೆ ಎತ್ತಲಿಲ್ಲ.
'ಹೋಗಲಿ ಅಂತ ಯಾರು ತೊಳೀತಾರ, ರಾಯಪ್ಪ?'

ಹಿತ್ತಾಳೆ ಬೋಗುಣಿ. ಬ್ಲೀಚಿಗೆ ಬಿರಿದ ಹಿಮ್ಮಡಿ
ನೀರು ತಾಕಿ ಚುರ್ರೆಂದಿತು.
ಆಮೇಲೆ ಬಾಗಿ ಮುತ್ತಿಟ್ಟರಂತೆ, ಪಕ್ಕದವನು ಹೇಳಿದ.
ನಾನು ಕಂಡದ್ದು ಅವರ ನೆತ್ತಿ:
ನಡುವೆ ಬೋಳು, ಸುತ್ತ ನಾಲ್ಕು ನರೆಗೂದಲು, ಬೆವರು,
ಕಿರೀಟ ಕೂರುವ ಜಾಗದಲ್ಲಿ ಒಂದು ಹಳೇ ಗಾಯದ ಗೆರೆ.
ಒಂದಾದರೂ ನೆತ್ತಿ ನನಗೆ ಕಂಡದ್ದೇ ಇಲ್ಲ ಈವರೆಗೆ.
ಓನರು, ಸೂಪರ್‌ವೈಸರು, ರೇಷನ್ ಅಂಗಡಿಯವನು,
ಎಲ್ಲರದೂ ಗಲ್ಲದ ಕೆಳಭಾಗವೇ ಗೊತ್ತು.

ಪೂಜೆ ಮುಗಿದು ದೀಪ ಆರಿಸಿದ ಮೇಲೆ
ಹಿಂದಿನ ನಲ್ಲಿಯ ಹತ್ತಿರ ಕಸ ಹೊಡೆಯುವ ತೆರೆಸಮ್ಮ
ಬಿಳಿ ಟವೆಲಿಗೆ ಸೋಪು ತಿಕ್ಕುತ್ತ ಗೊಣಗುತ್ತಿದ್ದಳು:
'ಯಾವನಲೇ ಇದಕ್ಕ ನೀಲಿ ಹತ್ತಿಸಿದಾತ?'
'ನಾನ ಬೇ.'
'ಹಂಗಾರ ಬಾ, ಹಿಡಿ ಈ ತುದಿ.'

ಹಿಂಡಿದೆವು, ಅವಳೊಂದು ಕಡೆಗೆ ನಾನೊಂದು ಕಡೆಗೆ ತಿರುವಿ.
ನೀರು ಸುರಿಯಿತು
ಅವಳ ಬರಿಗಾಲ ಮೇಲೆ.